ಹಿಂದಿನ ರಾಶಿಯ ಉಪ್ಪು

"ಉಪ್ಪು ಕೊಂಡು ತಂದಿದೀಯಾ? ಈ ಮನೆಗೆ? ನಿನ್ನ ತಲೆ ನೆಟ್ಟಗಿದೆಯೇನೆ?"

"ಕಿರುಚಬೇಡ ಅಪ್ಪ. ಪಕ್ಕದ ಮನೆಯವರಿಗೆ ಕೇಳುತ್ತೆ."

"ಕೇಳಲಿ. ಉಪ್ಪಿನ ಕಾರ್ಖಾನೆಯವನ ಮಗಳು ಅಂಗಡಿಗೆ ಹೋಗಿ ಉಪ್ಪಿನ ಪಾಕೀಟು ಕೊಂಡಳು ಅಂತ ಇಡೀ ಸಾಲಿಗೇ ಗೊತ್ತಾಗಲಿ. ಅಂಗಡಿಯವನು ನಗಲಿಲ್ವಾ?"

"ನಕ್ಕ. ನಾನೂ ನಕ್ಕೆ. ಈಗ ಅದನ್ನ ಇಲ್ಲಿ ಕೊಡು."

ಪಾಕೀಟು ನನ್ನ ಕೈಯಲ್ಲಿತ್ತು. ಅಂಗಿಯ ಗುಂಡಿ ಕಿತ್ತುಹೋಗಿತ್ತೆಂದು ಸೂಜಿದಾರ ಹುಡುಕುತ್ತ ಮಗಳ ತಗಡಿನ ಪೆಟ್ಟಿಗೆ ತೆಗೆದಿದ್ದೆ. ಹುಟ್ಟುವ ಮಗುವಿಗೆಂದು ಹರಿದು ಮಡಿಸಿಟ್ಟ ಹಳೆ ಬಟ್ಟೆಗಳ ಅಡಿಯಲ್ಲಿ ಅದು ಸಿಕ್ಕಿತು. ಬಾಯಿ ಕತ್ತರಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದಳು. ಕಾಲು ಭಾಗ ಖಾಲಿಯಾಗಿತ್ತು. ಒಂದು ತಿಂಗಳಿಂದ ಅವಳು ಅಮ್ಮನಿಗೆ, "ನನಗೆ ಉಪ್ಪು ಹಾಕೋ ಮೊದಲೇ ತೆಗೆದಿಡು, ಬಾಯಿಗೆ ಸೇರಲ್ಲ" ಎನ್ನುತ್ತಿದ್ದುದರ ಗುಟ್ಟು ಈಗ ತಿಳಿಯಿತು. ತಟ್ಟೆ ಹಿಡಿದು ಒಳಕೋಣೆಗೆ ಹೋಗಿ ಉಣ್ಣುತ್ತಿದ್ದುದರ ಗುಟ್ಟೂ ತಿಳಿಯಿತು.

"ಡಾಕ್ಟರು ಹೇಳಿದಾರೆ ಅಪ್ಪ. ಥೈರಾಯ್ಡ್ ಸರಿಯಿಲ್ಲ ಅಂತ ಮಾತ್ರೆ ಕೊಟ್ಟಾಗಲೇ ಹೇಳಿದ್ರು. ಮನೇಲಿ ಯಾವ ಉಪ್ಪು ಅಂತ ಕೇಳಿದ್ರು. ಶೆಡ್ಡಿನ ಹಿಂದಿನ ರಾಶೀದು, ಏನೂ ಬೆರೆಸದ್ದು ಅಂದೆ. ಅದು ಬೇಡ, ಅಯೋಡಿನ್ ಇರೋದನ್ನೇ ತಿನ್ನು, ಮಗು ಬೆಳೆಯೋದಕ್ಕೆ ಬೇಕು ಅಂದ್ರು."

"ಡಾಕ್ಟರಿಗೆ ಉಪ್ಪಿನ ವಿಷಯ ಏನು ಗೊತ್ತು? ಮೂವತ್ತು ವರ್ಷ ಉಪ್ಪಿನಲ್ಲೇ ಬಾಳಿದೀನಿ ನಾನು."

"ಅದಕ್ಕೇ ಹೇಳ್ತಿರೋದು. ನಿನ್ನ ಕೈಯಲ್ಲಿರೋದು ನೀನೇ ಔಷಧಿ ಹೊಡೆದ ಉಪ್ಪು. ಹಿಂದುಗಡೆ ನೋಡು, ನಿಮ್ಮ ಶೆಡ್ಡಿನ ನಂಬರೇ ಇದೆ."

ನೋಡಿದೆ. ಇತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ನನ್ನದೇ ಉಪ್ಪನ್ನು ನನ್ನ ಮಗಳು ನನ್ನಿಂದಲೇ ಬಚ್ಚಿಟ್ಟು ತಿನ್ನುತ್ತಿದ್ದಾಳೆ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಚರಂಡಿಗೆ ಪಾಕೀಟನ್ನು ಬೋರಲು ಮಾಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದಳು. ಆಗ ಅವಳಿಗೆ ಆರು ತಿಂಗಳು.

"ಈ ಮನೇಲಿ ಉಣ್ಣೋವರೆಗೂ ಈ ಮನೆ ಉಪ್ಪೇ," ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಅಂಗಡಿಗೂ ಹೋಗಿ, "ನನ್ನ ಮಗಳಿಗೆ ಇನ್ನೊಂದು ಸಲ ಉಪ್ಪು ಮಾರಿದರೆ ನೋಡು," ಎಂದು ಹೇಳಿ ಬಂದೆ. ಅಂಗಡಿಯವನು ತಮಾಷೆಯೆಂದುಕೊಂಡು ನಗಹೊರಟವನು ನನ್ನ ಮುಖ ನೋಡಿ ತಕ್ಕಡಿಯ ಕಡೆ ತಿರುಗಿದ.

ನನ್ನ ಕೆಲಸದ ವಿಷಯ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ನಮ್ಮದು ಸಮುದ್ರದ ಉಪ್ಪಲ್ಲ. ಇಲ್ಲಿಂದ ಸಮುದ್ರಕ್ಕೆ ಎರಡು ದಿನದ ದಾರಿ. ಇಲ್ಲಿಯ ಬಾವಿಗಳಲ್ಲೇ ಉಪ್ಪುನೀರು ಬರುತ್ತದೆ. ಅದನ್ನು ಮೇಲೆತ್ತಿ ಮಡಿಗಳಲ್ಲಿ ಒಣಗಿಸಿ ಉಪ್ಪು ಮಾಡುತ್ತಾರೆ. ಒಣಗಿದ ಉಪ್ಪು ಶೆಡ್ಡಿಗೆ ಬಂದು ಬೆಲ್ಟಿನ ಮೇಲೆ ಸಾಗುತ್ತದೆ. ಬೆಲ್ಟಿನ ಮೇಲುಗಡೆ ಒಂದು ಟ್ಯಾಂಕು, ಅದರಲ್ಲಿ ಅಯೋಡಿನ್ ಕಲಸಿದ ನೀರು. ಸಾಗುತ್ತಿರುವ ಉಪ್ಪಿನ ಮೇಲೆ ಅದನ್ನು ಸಣ್ಣ ತುಂತುರಿನಲ್ಲಿ ಹೊಡೆಯುವುದೇ ನನ್ನ ಕೆಲಸ. ನಾವು ಅದನ್ನು ಅಯೋಡಿನ್ ಅನ್ನುವುದಿಲ್ಲ, ಔಷಧಿ ಅನ್ನುತ್ತೇವೆ. ಗಂಟೆಗೊಮ್ಮೆ ಒಂದು ಚಿಟಿಕೆ ಉಪ್ಪು ತೆಗೆದು ಅದರ ಮೇಲೆ ಸಣ್ಣ ಬಾಟಲಿಯಿಂದ ಒಂದು ಹನಿ ಬಿಡಬೇಕು. ಉಪ್ಪು ನೀಲಿಗೆ ತಿರುಗಿದರೆ ಔಷಧಿ ಸರಿಯಾಗಿ ಬಿದ್ದಿದೆ. ಬಿಳಿಯಾಗೇ ಉಳಿದರೆ ಬಿದ್ದಿಲ್ಲ, ಬೆಲ್ಟು ನಿಲ್ಲಿಸಬೇಕು. ಆ ಬಾಟಲಿ ಸದಾ ನನ್ನ ಅಂಗಿಯ ಜೇಬಿನಲ್ಲಿರುತ್ತದೆ. ನನ್ನ ಕಾಲದಲ್ಲಿ ಒಂದು ಲೋಡೂ ಬಿಳಿಯಾಗಿ ಹೊರಗೆ ಹೋಗಿಲ್ಲ. ಒಮ್ಮೆ ಮೇಲ್ವಿಚಾರಕ, "ಹೋಗಲಿ ಬಿಡಪ್ಪ, ಲಾರಿ ಕಾಯ್ತಿದೆ," ಎಂದಾಗ ಅವನ ಜೊತೆ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿದ್ದೆ.

ಆದರೆ ಶೆಡ್ಡಿನ ಹಿಂದುಗಡೆ ಇನ್ನೊಂದು ರಾಶಿಯಿದೆ. ಬೆಲ್ಟಿಗೆ ಹೋಗುವ ಮೊದಲು ಉಪ್ಪು ಬಂದು ಬೀಳುವ ಜಾಗ ಅದು. ಪ್ರತಿ ತಿಂಗಳು ಕೆಲಸದವರೆಲ್ಲ ಅಲ್ಲಿಂದ ಒಂದೊಂದು ಚೀಲ ತುಂಬಿಕೊಂಡು ಹೋಗುವುದು ನಮ್ಮ ಅಪ್ಪಂದಿರ ಕಾಲದಿಂದ ಬಂದ ಹಕ್ಕು. ಔಷಧಿ ಹೊಡೆದದ್ದನ್ನು ಯಾರೂ ಮುಟ್ಟುವುದಿಲ್ಲ. ಅದು ಅಂಗಡಿಯವರಿಗೆ, ಪೇಟೆಯವರಿಗೆ. ಅಸಲು ಉಪ್ಪು ನಮಗೆ. ಮೈಯೆಲ್ಲ ಆ ಔಷಧಿಯ ತುಂತುರಿನಲ್ಲಿ ನೆನೆದು ಮನೆಗೆ ಬಂದು, ಔಷಧಿಯಿಲ್ಲದ ಉಪ್ಪಿನ ಊಟ ಮಾಡಿ, ನಮ್ಮಂಥ ಜಾಣರು ಯಾರಿದ್ದಾರೆ ಎಂದುಕೊಳ್ಳುತ್ತಿದ್ದೆವು.

ನಮ್ಮ ಸಾಲುಮನೆಗಳಲ್ಲಿ ಹೆಂಗಸರ ಕುತ್ತಿಗೆಗಳು ದಪ್ಪ. ನನ್ನ ಹೆಂಡತಿಯದು ಎಲ್ಲರಿಗಿಂತ ದಪ್ಪ. ಗಂಟಲ ಮುಂದೆ ನಿಂಬೆಹಣ್ಣಿನಷ್ಟು ಉಬ್ಬು. "ಮದುವೆ ದಿನ ನುಂಗಿದ ಮಾತು, ಇನ್ನೂ ಇಳಿದಿಲ್ಲ," ಎಂದು ಅವಳು ನಗಿಸುತ್ತಿದ್ದಳು. ತಲೆಯ ಮೇಲೆ ಉಪ್ಪಿನ ಬುಟ್ಟಿ ಹೊತ್ತರೆ ಕುತ್ತಿಗೆ ಹಾಗಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಹೊತ್ತವಳ ಕತ್ತು ಎಂದೇ ಅದಕ್ಕೆ ಹೆಸರು. ದುಡಿಯುವ ಹೆಣ್ಣಿನ ಗುರುತು ಎಂದು ಸಂಬಂಧ ಕೇಳಲು ಬಂದವರು ಮೆಚ್ಚಿಕೊಂಡದ್ದೂ ಉಂಟು. ನನ್ನ ಮಗಳು ಒಂದು ದಿನವೂ ಬುಟ್ಟಿ ಹೊತ್ತವಳಲ್ಲ. ಅವಳ ಕುತ್ತಿಗೆಯೂ ತುಂಬಿಕೊಂಡಾಗ ನಾವು ತಾಯಿಯ ಹೋಲಿಕೆ ಎಂದೆವು.

ಅಳಿಯ ಲಾರಿ ಓಡಿಸುತ್ತಾನೆ. ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಾನೆ. ಹೀಗಾಗಿ ಮಗಳು ನಮ್ಮ ಜೊತೆಗೇ ಇದ್ದಳು. ಬಸುರಿಯಾದ ಮೇಲೆ ಅವಳು ಬೇರೆಯವಳೇ ಆದಳು. ಬೇಸಿಗೆಯಲ್ಲೂ ಚಳಿ ಎಂದು ಶಾಲು ಹೊದೆಯುತ್ತಿದ್ದಳು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಕೂತಲ್ಲೇ ನಿದ್ದೆ. ಹಸಿವಿಲ್ಲ ಎನ್ನುತ್ತಿದ್ದಳು, ಮುಖ ಮಾತ್ರ ಊದಿಕೊಂಡಿತ್ತು. ನಾನು ಅವಳನ್ನು ಎಮ್ಮೆ ಎಂದು ಕರೆದೆ. "ಎಮ್ಮೆ ಎದ್ದಳಾ?" ಎಂದು ಕೇಳುತ್ತಿದ್ದೆ. ತಮಾಷೆಗೆ ಶುರುವಾದದ್ದು ಸಿಟ್ಟಿಗೆ ತಿರುಗಿತ್ತು. ಎಮ್ಮೆ ಅಂದಾಗಲೆಲ್ಲ ಅವಳು ಮೊದಲು ನಗುತ್ತಿದ್ದಳು, ಆಮೇಲೆ ನಗುವುದನ್ನು ಬಿಟ್ಟಳು, ಕೊನೆಗೆ ಆ ಹೆಸರಿಗೇ ಓಗೊಡುತ್ತಿದ್ದಳು.

ನನಗೆ ಅವಳ ಮೇಲೆ ಕಾಳಜಿ ಇರಲಿಲ್ಲ ಎಂದಲ್ಲ. ಹಾಲು ತರುತ್ತಿದ್ದವನು ನಾನು. ದಿನಕ್ಕೊಂದು ಮೊಟ್ಟೆ ತರುತ್ತಿದ್ದೆ, ಸೊಪ್ಪು ತರುತ್ತಿದ್ದೆ, ಬೇಳೆ ಗಟ್ಟಿಯಾಗಿ ಬೇಯಿಸು ಎಂದು ಹೆಂಡತಿಯ ಬೆನ್ನುಹತ್ತುತ್ತಿದ್ದೆ. ಆಸ್ಪತ್ರೆಯವರು ಮೂರು ಥರದ ಮಾತ್ರೆ ಕೊಟ್ಟಿದ್ದರು. ಒಂದು ಥೈರಾಯ್ಡಿನದು, ಒಂದು ಕಬ್ಬಿಣದ್ದು, ಒಂದು ಸುಣ್ಣದ್ದು. ಒಂದನ್ನು ಬೆಳಗ್ಗೆ ಎದ್ದ ಕೂಡಲೇ, ಇನ್ನೊಂದನ್ನು ಊಟದ ಮೇಲೆ ಎಂದು ಅವಳು ಏನೋ ಲೆಕ್ಕ ಹೇಳುತ್ತಿದ್ದಳು. ನಿದ್ದೆಗಣ್ಣಿನವಳು ಮರೆತುಬಿಟ್ಟಾಳೆಂದು ನಾನೇ ಒಂದು ಕಟ್ಟಳೆ ಮಾಡಿದೆ. ಬೆಳಗಿನ ಸೈರನ್ ಕೂಗಿದ ಕೂಡಲೇ ಮೂರನ್ನೂ ಅಂಗೈಗೆ ಹಾಕಿ, ಒಂದು ಲೋಟ ಹಾಲು ಕೊಟ್ಟು, ಅವಳು ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದೆ. ಆಮೇಲೆ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಹೆಮ್ಮೆಪಟ್ಟಿದ್ದೆ.

ಚರಂಡಿಗೆ ಉಪ್ಪು ಸುರಿದ ಮೇಲೆ ಇನ್ನೊಂದು ಕೆಲಸ ಸೇರಿತು. ಅವಳಿಗೆ ಬೇರೆ ತೆಗೆದಿಡುವುದನ್ನು ನಿಲ್ಲಿಸಿದೆ. ಅವಳು ನಮ್ಮ ಜೊತೆಗೇ ಕೂತು ಉಣ್ಣಬೇಕಾಯಿತು. ಸಾರು ಸಪ್ಪೆ ಎನಿಸಿದರೆ ಡಬ್ಬದಿಂದ ಒಂದು ಚಿಟಿಕೆ ತೆಗೆದು ನಾನೇ ಅವಳ ತಟ್ಟೆಗೆ ಉದುರಿಸುತ್ತಿದ್ದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಏಳು ವಾರ ಹೀಗೆ ನಡೆಯಿತು.

ಎಂಟನೇ ವಾರ ನರ್ಸಮ್ಮ ಬಂದಳು. ಆಸ್ಪತ್ರೆಯ ವ್ಯಾನು ತಿಂಗಳಿಗೊಮ್ಮೆ ಸಾಲುಮನೆಗಳ ಕೊನೆಯಲ್ಲಿ ನಿಲ್ಲುತ್ತದೆ, ಬಸುರಿಯರು ಅಲ್ಲಿಗೆ ಹೋಗುತ್ತಾರೆ. ಆ ಸಲ ನರ್ಸಮ್ಮನೇ ಮನೆಗೆ ಬಂದದ್ದು ನನಗೆ ಹಿಡಿಸಲಿಲ್ಲ. ಅಂದು ನನಗೆ ರಜೆ. ಹೆಂಡತಿ ಅವಳಿಗೆ ಕುರ್ಚಿ ಕೊಟ್ಟಳು. ಮಗಳನ್ನು ಮಂಚದ ಮೇಲೆ ಮಲಗಿಸಿ, ನಾನು ಗೋಡೆಯ ಕಡೆ ತಿರುಗಿ ನಿಂತಾಗ, ನರ್ಸಮ್ಮ ಹೊಟ್ಟೆಯನ್ನು ಟೇಪಿನಿಂದ ಅಳೆದಳು. ಒಮ್ಮೆ ಅಳೆದು ಮತ್ತೊಮ್ಮೆ ಅಳೆದದ್ದು ಟೇಪಿನ ಸದ್ದಿನಿಂದಲೇ ಗೊತ್ತಾಯಿತು.

"ಎಷ್ಟನೇ ವಾರ ಇವಳಿಗೆ?"

"ಮೂವತ್ತೊಂದು," ಎಂದಳು ಮಗಳು.

"ಹೊಟ್ಟೆಯೂ ಹತ್ತಿರ ಹತ್ತಿರ ಅಷ್ಟೇ ಸೆಂಟಿಮೀಟರ್ ಬರಬೇಕಮ್ಮ. ಇಪ್ಪತ್ತಾರಿದೆ. ಹೋದ ಸಲ ಇಪ್ಪತ್ನಾಲ್ಕಿತ್ತು." ಅವಳು ಚೀಟಿ ತೆಗೆದು ನೋಡಿದಳು. "ಥೈರಾಯ್ಡ್ ರಿಪೋರ್ಟೂ ಬಂದಿದೆ. ಇಳಿದೇ ಇಲ್ಲ. ಮೂರರ ಆಸುಪಾಸು ಇರಬೇಕಾದ್ದು ಹನ್ನೊಂದಿದೆ. ಮಾತ್ರೆ ತಗೊಳ್ತಿಲ್ವಾ?"

"ತಗೊಳ್ತಾಳೆ," ಎಂದೆ ನಾನು. "ದಿನಾ ನನ್ನ ಕಣ್ಣೆದುರಿಗೇ ನುಂಗ್ತಾಳೆ. ಮೂರೂ."

"ಮೂರೂ ಅಂದ್ರೆ?"

"ಒಟ್ಟಿಗೆ. ಹಾಲಿನ ಜೊತೆ."

ನರ್ಸಮ್ಮ ಪೆನ್ನು ಕೆಳಗಿಟ್ಟಳು. "ಯಜಮಾನ್ರೇ, ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕಬ್ಬಿಣ, ಸುಣ್ಣ ಎಲ್ಲಾ ನಾಲ್ಕು ಗಂಟೆ ಬಿಟ್ಟು. ಒಟ್ಟಿಗೆ ಕೊಟ್ರೆ ಅದು ಮೈಗೆ ಹತ್ತೋದೇ ಇಲ್ಲ. ಚೀಟೀಲಿ ಬರೆದು ಕೊಟ್ಟಿದ್ವಲ್ಲ."

"ನಾನು ಹೇಳಿದ್ದೆ," ಎಂದಳು ಮಗಳು, ಛಾವಣಿ ನೋಡುತ್ತ.

ಹೇಳಿದ್ದಳು. ನಾನು ಅದನ್ನು ಸೋಮಾರಿಯ ನೆಪ ಎಂದುಕೊಂಡಿದ್ದೆ. ಈಗ ಅರ್ಥವಾಯಿತು. ಆದರೂ ಬಾಯಿ ಮುಚ್ಚಲಿಲ್ಲ. "ಮಾತ್ರೆ ಒಟ್ಟಿಗೆ ನುಂಗಿದ್ದಕ್ಕೆ ಮಗು ಸಣ್ಣದಾಗುತ್ತಾ? ಇದೆಂಥ ಕತೆ?" ಎಂದೆ.

ನರ್ಸಮ್ಮ ನನ್ನ ಹೆಂಡತಿಯ ಕುತ್ತಿಗೆಯನ್ನೇ ನೋಡುತ್ತಿದ್ದಳು. "ಅಕ್ಕಾ, ಅಡುಗೆ ಉಪ್ಪು ಸ್ವಲ್ಪ ತಂದುಕೊಡ್ತೀರಾ?" ಎಂದಳು.

ಹೆಂಡತಿ ಒಂದು ತಟ್ಟೆಯಲ್ಲಿ ಚಮಚದಷ್ಟು ಉಪ್ಪು ತಂದಳು. ನರ್ಸಮ್ಮ ಚೀಲದಿಂದ ಸಣ್ಣ ಬಾಟಲಿ ತೆಗೆದಳು. ಬಿಳಿ ಬಾಟಲಿ, ಕೆಂಪು ಮುಚ್ಚಳ. ಅದನ್ನು ನೋಡಿದ ಕ್ಷಣವೇ ನನ್ನ ಕೈ ತಂತಾನೇ ಜೇಬಿಗೆ ಹೋಯಿತು. ಅಂಥದೇ ಬಾಟಲಿ ಅಲ್ಲಿತ್ತು. ಮೂವತ್ತು ವರ್ಷ, ದಿನಕ್ಕೆ ಎಂಟು ಸಲ ಆ ಹನಿ ಬಿಟ್ಟಿದ್ದೇನೆ. ಪೇಟೆಯ ಪ್ರತಿ ಮನೆಯ ಉಪ್ಪಿಗೆ ಬಿಟ್ಟಿದ್ದೇನೆ. ನನ್ನ ಮನೆಯ ಡಬ್ಬಕ್ಕೆ ಒಂದು ದಿನವೂ ಬಿಟ್ಟಿರಲಿಲ್ಲ.

ಅವಳು ಹನಿ ಬಿಟ್ಟಳು. ಉಪ್ಪು ಒದ್ದೆಯಾಯಿತು, ಅಷ್ಟೇ. ಬೆಳ್ಳಗೇ ಇತ್ತು. ಅವಳು ಕಾಯ್ದಳು. ಕಾಯಬೇಕಾಗಿರಲಿಲ್ಲ, ನೀಲಿ ಬರುವುದಿದ್ದರೆ ಆ ಕ್ಷಣವೇ ಬರುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

"ಏನೂ ಇಲ್ಲ ಇದರಲ್ಲಿ," ಎಂದಳು.

"ನಿನ್ನ ಬಾಟಲಿ ಹಳೇದಾಗಿದೆ," ಎಂದೆ ನಾನು.

"ಹೋದ ವಾರ ಬಂದದ್ದು ಯಜಮಾನ್ರೇ."

"ಹಾಗಾದ್ರೆ ಕೆಟ್ಟಿದೆ. ಬಿಸಿಲಲ್ಲಿ ವ್ಯಾನಲ್ಲಿಟ್ಟುಕೊಂಡು ತಿರುಗಿದ್ರೆ ಇನ್ನೇನಾಗುತ್ತೆ? ಉಪ್ಪಿನ ಪರೀಕ್ಷೆ ನನಗೆ ಹೇಳಿಕೊಡೋಕೆ ಬಂದೆಯಾ?"

ಮಗಳು ಮಂಚದ ಮೇಲೆ ನಿಧಾನವಾಗಿ ಎದ್ದು ಕೂತಳು. ಶಾಲು ಸರಿ ಮಾಡಿಕೊಂಡಳು. ದನಿ ಎತ್ತಲಿಲ್ಲ.

"ಅಪ್ಪ, ನಿನ್ನ ಜೇಬಲ್ಲೂ ಇದೆಯಲ್ಲ. ಅದರಿಂದ ನೋಡಿಬಿಡು."

ಮೂವರೂ ನನ್ನ ಜೇಬನ್ನು ನೋಡಿದರು. ಗುಂಡಿ ಕಿತ್ತುಹೋದ ಅದೇ ಅಂಗಿ. ಬಾಟಲಿಯ ಕೆಂಪು ಮುಚ್ಚಳ ಹೊರಗೆ ಕಾಣುತ್ತಿತ್ತು. ಒಂದು ಹನಿ, ಅಷ್ಟೇ ಅವಳು ಕೇಳಿದ್ದು. ತೆಗೆದು ಬಿಟ್ಟಿದ್ದರೆ ತಪ್ಪೊಪ್ಪಿಕೊಳ್ಳಲು ಬಾಯಿಯೂ ಬೇಕಿರಲಿಲ್ಲ, ಆ ಬಿಳಿ ಉಪ್ಪೇ ನನ್ನ ಪರವಾಗಿ ಹೇಳುತ್ತಿತ್ತು.

"ನನ್ನ ಮನೆ ಉಪ್ಪನ್ನ ನಾನು ಪರೀಕ್ಷೆ ಮಾಡಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟೆ.

ಹೋದದ್ದು ಶೆಡ್ಡಿಗೆ. ಬೆಲ್ಟು ಓಡುತ್ತಿತ್ತು. ಯಾರನ್ನೂ ಮಾತಾಡಿಸದೆ ಹಿಂದಿನ ರಾಶಿಯ ಹತ್ತಿರ ಹೋಗಿ ಕೂತೆ. ಬಾಟಲಿ ತೆಗೆದು ಒಂದು ಹನಿ ಬಿಟ್ಟೆ. ಬಿಳಿ. ಜಾಗ ಬದಲಿಸಿ ಇನ್ನೊಂದು. ಬಿಳಿ. ಬಗೆದು ಒಳಗಿನ ಉಪ್ಪಿಗೆ ಬಿಟ್ಟೆ. ಹುಚ್ಚನ ಹಾಗೆ ರಾಶಿಯ ಸುತ್ತ ಮಂಡಿಯೂರಿ ತಿರುಗಿ ಬಾಟಲಿ ಅರ್ಧ ಖಾಲಿ ಮಾಡಿದೆ. ಔಷಧಿ ಹೊಡೆಯದ ಉಪ್ಪಿನಲ್ಲಿ ಔಷಧಿ ಇರುವುದಿಲ್ಲ ಎಂದು ತಿಳಿಯಲು ನನಗೆ ಅಷ್ಟು ಹನಿ ಬೇಕಾಯಿತು. ನನ್ನ ಹೆಂಡತಿಗೆ ಮಗಳು ಹುಟ್ಟುವ ಮೊದಲು ಎರಡು ಬಸಿರು ನಿಲ್ಲಲಿಲ್ಲ. ಹಣೆಬರಹ ಎಂದಿದ್ದೆವು. ಅದೂ ಇದೇ ರಾಶಿಯದೋ ಅಲ್ಲವೋ, ಯಾರನ್ನು ಕೇಳಲಿ? ಆ ಲೆಕ್ಕ ಈಗ ಯಾವ ಬಾಟಲಿಯಿಂದಲೂ ಹೊರಡುವುದಿಲ್ಲ.

ಆಮೇಲೆ ಬೆಲ್ಟಿನ ಕೊನೆಗೆ ಹೋಗಿ ಔಷಧಿ ಬಿದ್ದ ಉಪ್ಪನ್ನು ಒಂದು ಸಣ್ಣ ಚೀಲಕ್ಕೆ ತುಂಬಿದೆ. ಪಾಕೀಟು ಮಾಡುವ ಹೆಂಗಸು, "ಏನಣ್ಣ, ಪೇಟೆಯವನಾಗಿಬಿಟ್ಟೆಯಾ?" ಎಂದಳು. ಚೀಲದ ಬಾಯಿ ಕಟ್ಟಿ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸಿಕೊಂಡೆ. ತಪ್ಪಾಯಿತು ಮಗಳೇ ಎಂದರೆ ಮುಗಿಯಿತು. ಎರಡೇ ಮಾತು. ಸಾಲುಮನೆಯ ತಿರುವಿನವರೆಗೂ ಅವು ನನ್ನ ಬಾಯಲ್ಲೇ ಇದ್ದವು.

ಮನೆಯೊಳಗೆ ಕಾಲಿಟ್ಟಾಗ ಅವಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ಪೇಟೆಯಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಅವಳ ನಾದಿನಿಯ ಮನೆಯಿದೆ. ಹೆರಿಗೆಯವರೆಗೂ ಅಲ್ಲಿರು, ವಾರಕ್ಕೊಮ್ಮೆ ನೋಡಬಹುದು ಎಂದು ನರ್ಸಮ್ಮ ಹೇಳಿದ್ದಳಂತೆ. ವ್ಯಾನು ಇನ್ನರ್ಧ ಗಂಟೆಯಲ್ಲಿ ಹೊರಡುವುದಿತ್ತು. ತೆರೆದ ಪೆಟ್ಟಿಗೆ ಕಂಡ ಕೂಡಲೇ ನನ್ನ ತಲೆ ಕೆಟ್ಟಿತು.

ಚೀಲವನ್ನು ಅವಳ ಮುಂದೆ ದಪ್ಪನೆ ಎಸೆದೆ. "ತಗೋ. ತಿನ್ನು. ಔಷಧಿ ಉಪ್ಪು ಬೇಕಿತ್ತಲ್ಲ, ಹೊಟ್ಟೆ ತುಂಬಾ ತಿನ್ನು."

ಹೇಳಬೇಕೆಂದದ್ದು ಒಂದು, ಬಾಯಿಂದ ಬಂದದ್ದು ಇದು. ಹೆಂಡತಿ, "ರೀ, ಸುಮ್ನಿರ್ರೀ," ಎಂದಳು. ಅವಳ ದನಿ ಅಷ್ಟು ದಣಿದದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ.

ಮಗಳು ಚೀಲದ ಬಾಯಿ ಬಿಡಿಸಿ ಒಳಗೆ ನೋಡಿದಳು. ಮತ್ತೆ ಮಡಿಸಿ ಗೋಡೆಗೆ ಆನಿಸಿಟ್ಟಳು. "ಒಂದೇ ಮಾತು ಕೇಳ್ತೀನಿ ಅಪ್ಪ. ಅವತ್ತು ಚರಂಡಿಗೆ ಸುರಿದೆಯಲ್ಲ, ಅದು ತಪ್ಪು ಅನಿಸುತ್ತಾ ನಿನಗೆ?"

"ನಾನೇನು ನಿನಗೆ ವಿಷ ಹಾಕಿದ್ನಾ?"

"ಅದನ್ನ ಕೇಳಲಿಲ್ಲ ನಾನು."

"ಹಾಲು ತಂದೋನು ಯಾರು? ಮೊಟ್ಟೆ ತಂದೋನು ಯಾರು?"

"ನೀನೇ," ಎಂದಳು. "ಎಲ್ಲಾ ನೀನೇ ತಂದೆ." ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತ ಕಾಯ್ದಳು. ಹನಿ ಬಿಟ್ಟ ಮೇಲೆ ನರ್ಸಮ್ಮ ಕಾಯ್ದ ಹಾಗೆಯೇ. ನಾನು ಗೋಡೆ ನೋಡಿದೆ. ಅವಳು ಪೆಟ್ಟಿಗೆಯ ಚಿಲಕ ಹಾಕಿದಳು.

ಮಗು ಹುಟ್ಟಿದ ಸುದ್ದಿಯನ್ನು ಅಳಿಯ ಶೆಡ್ಡಿಗೇ ಬಂದು ಹೇಳಿದ. ದಿನ ತುಂಬುವ ಮೊದಲೇ ಹೊರಗೆ ತೆಗೆದರಂತೆ. ಹೆಣ್ಣು. ಒಂದು ಕಿಲೋ ಒಂಬೈನೂರು ಗ್ರಾಂ. ಕಿಲೋದ ಎರಡು ಪಾಕೀಟು ಎತ್ತಿದರೆ ಎಷ್ಟು ಭಾರ ಎಂದು ನನ್ನ ಕೈಗೆ ಗೊತ್ತು. ಅದಕ್ಕಿಂತ ಹಗುರ. ಉಪ್ಪಿನಿಂದಲೇ ಆಯಿತೆಂದು ಹೇಳಲಾಗುವುದಿಲ್ಲ, ಕಾರಣಗಳು ಬೇಕಾದಷ್ಟಿರುತ್ತವೆ ಎಂದು ಡಾಕ್ಟರು ಅಂದರಂತೆ. ಅಳಿಯ ಒಳ್ಳೆಯವನು, ನನ್ನ ಸಮಾಧಾನಕ್ಕೆಂದು ಅದನ್ನು ಎರಡು ಸಲ ಹೇಳಿದ. ಈಗ ಮಗುವಿಗೆ ಮೂರು ವರ್ಷ. ನಡೆಯಲು ತಡವಾಯಿತು, ಈಗ ನಡೆಯುತ್ತದೆ. ಮಾತು ಇನ್ನೂ ಬರುತ್ತಿದೆಯಂತೆ. ಮಗಳು ಪೇಟೆಯಲ್ಲೇ ಉಳಿದಿದ್ದಾಳೆ, ಹೆಂಡತಿ ಹೋಗಿ ನೋಡಿ ಬರುತ್ತಾಳೆ. ನಾನು ಎರಡು ಸಲ ಆ ಬೀದಿಯ ಕೊನೆಯವರೆಗೂ ಹೋಗಿ ಹಿಂತಿರುಗಿದ್ದೇನೆ. ಹಿಂದಿನ ರಾಶಿಯಿಂದ ಚೀಲ ತುಂಬುವುದನ್ನು ಶೆಡ್ಡಿನಲ್ಲಿ ನಿಲ್ಲಿಸಿದವನು ನಾನೇ. ಅದಕ್ಕಾಗಿ ನಾಲ್ಕು ಜನರ ಜೊತೆ ಜಗಳವಾಡಿದೆ. ಜಗಳವಾಡುವುದು ನನಗೆ ಸುಲಭ.

ಮನೆ ಬಿಟ್ಟ ಆ ದಿನ ಮಗಳು ಪೆಟ್ಟಿಗೆ ಎತ್ತಹೋದಾಗ ನಾನು ಎತ್ತಿಕೊಡಬಹುದಿತ್ತು. ಬಾಗಿಲಲ್ಲೇ ನಿಂತಿದ್ದೆ. ಒಂದು ಹಿಡಿಕೆ ತಾಯಿ ಹಿಡಿದಳು, ಒಂದು ಹಿಡಿಕೆ ಮಗಳು. ನನ್ನನ್ನು ದಾಟಿ ಹೋಗಲು ಇಬ್ಬರೂ ಓರೆಯಾಗಬೇಕಾಯಿತು. ಸಾಲುಮನೆಯ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಸ್ವಲ್ಪ ದೂರ ಹೋಗಿ ಮಗಳು ನಿಂತಳು. ನನಗಾಗಿ ನಿಂತಳು ಎಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಪೆಟ್ಟಿಗೆಯ ಹಿಡಿಕೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು, ಮತ್ತೆ ನಡೆದಳು. ತಿರುವಿನಲ್ಲಿ ಇಬ್ಬರೂ ಮರೆಯಾದರು. ವ್ಯಾನು ಹೊರಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೆಂಡತಿ ಒಬ್ಬಳೇ ಬಂದಳು.